ಹಿತ್ತಿಲ ಬಾರ್ಬೆರಾ ಮತ್ತು ನನ್ನ ರಾಗಿ ಮುದ್ದೆ

ಊಟದ ಮನೆ ನಡೆಸುವವಳು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಎಲೆ ಹಾಕಿದರೆ ಸಾಕು, ಯಾರೋ ಒಬ್ಬರು ಅದನ್ನು ತಂದು ಕೂರುತ್ತಾರೆ.

ಕೋಲಾರದಲ್ಲಿ ಯಾರ ಮುಂದೆಯೂ ಕೈಚಾಚದೆ ನಾನು ಕಟ್ಟಿದ ಊಟದ ಮನೆಗೆ ಚಿನ್ನದ ಗಣಿಯ ಇಟಲಿ ಮೇಸ್ತ್ರಿಯೊಬ್ಬ ಭಾನುವಾರ ತಪ್ಪದೆ ಬರುತ್ತಿದ್ದ. ಗಣಿಯ ಧೂಳಿನಲ್ಲಿ ಬಳ್ಳಿ ಬದುಕುವುದಿಲ್ಲವೆಂದು ತನ್ನೂರಿನ ಕಪ್ಪು ದ್ರಾಕ್ಷಿಯ ಕಡ್ಡಿಯನ್ನು ನನ್ನ ಹಿತ್ತಿಲಲ್ಲಿ ನೆಟ್ಟ. ಅದರ ಹೆಸರು ಬಾರ್ಬೆರಾ.

೧. ಮೊದಲ ತುತ್ತು

ಅವನು ಮುದ್ದೆಯನ್ನು ಅಗಿದ. ಸಾಲಿನಲ್ಲಿ ಕೂತವರೆಲ್ಲ ಊಟ ನಿಲ್ಲಿಸಿ ನೋಡಿದರು.

"ಸಾಹೇಬ್ರೆ, ಮುದ್ದೆ ಅಗೀಬಾರ್ದು, ನುಂಗ್ಬೇಕು," ಎಂದೆ.

"ಅಗೀದೆ ರುಚಿ ಹೆಂಗೆ ತಿಳಿಯುತ್ತೆ ಅಕ್ಕಾ?"

"ರುಚಿ ಸಾರಿನಲ್ಲೈತೆ."

ಅವನು ಹಟಕ್ಕೆ ಬಿದ್ದು ಇನ್ನೂ ಅಗಿದ. ಮುದ್ದೆ ಹಲ್ಲಿಗಂಟಿ ಬಾಯಿ ಕಚ್ಚಿಕೊಂಡಿತು. ವಾದ ಅಲ್ಲಿಗೆ ಮುಗಿಯಿತು.

೨. ಮೊದಲ ಗುಟುಕು

ಮೂರನೆಯ ವರ್ಷ ಬಳ್ಳಿ ಹಣ್ಣು ಬಿಟ್ಟಿತು. ಅವನು ಜಾಡಿಯಲ್ಲಿ ವೈನ್ ಇಳಿಸಿ, ಕುರಿ ಸಾರು ಮಾಡಿದ ದಿನ ನನಗೊಂದು ಲೋಟ ಕೊಟ್ಟ. ಜ್ವರದ ಕಷಾಯದಂತೆ ಮೂಗು ಹಿಡಿದು ಒಂದೇ ಸಲಕ್ಕೆ ನುಂಗಿದೆ.

"ಅಯ್ಯೋ ಅಕ್ಕಾ! ಬಾಯಲ್ಲಿ ಇಟ್ಕೋಬೇಕು. ಮೊದಲು ನೇರಳೆ ಹಣ್ಣು, ಆಮೇಲೆ ಹುಳಿ, ಕೊನೆಗೆ ಮೆಣಸು ಬರುತ್ತೆ. ಆ ಹುಳೀನೇ ಮಾಂಸದ ಕೊಬ್ಬಿಗೆ ಜೋಡಿ."

"ನಮ್ಮ ಹುಣಸೆಹಣ್ಣೂ ಅದನ್ನೇ ಮಾಡುತ್ತೆ. ಅದಕ್ಕೆ ಇಷ್ಟು ಉಪಚಾರ ಬೇಡ."

೩. ಶತ್ರುವಿನ ಬಳ್ಳಿ

ಅಕ್ಷರ ಕೂಡಿಸಿ ಓದುವುದನ್ನು ನಾನೇ ಕಲಿತವಳು. ನಲವತ್ತನೇ ಇಸವಿಯಲ್ಲಿ ಇಟಲಿ ಶತ್ರುವಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಅವನಿಗೆ ಹೇಳಿದವಳೂ ನಾನೇ. ಮುಂದಿನ ಭಾನುವಾರ ಊಟದ ನಡುವೆಯೇ ಅವನನ್ನು ಹಿಡಿದೊಯ್ಯಲು ಪೊಲೀಸರು ಬಂದರು. ಕೈ ತೊಳೆಯುತ್ತಾ ಅವನು ಹೇಳಿದ್ದು ಒಂದೇ ಮಾತು: "ಬಳ್ಳಿ ಒಣಗೋಕೆ ಬಿಡಬೇಡ ಅಕ್ಕಾ."

ದಫೇದಾರ ಹಿತ್ತಿಲ ಬಳ್ಳಿ ನೋಡಿ, "ಇದೂ ಶತ್ರೂದೇ ಏನಮ್ಮ?" ಎಂದ.

"ಬೇರು ಕೋಲಾರದ ಮಣ್ಣಲ್ಲೈತೆ, ನೀರು ನನ್ನ ಬಾವೀದು. ಬೇಕಾದ್ರೆ ಎಲೆಗೆ ಬೇಡಿ ಹಾಕ್ಕೊಂಡು ಹೋಗಿ."

೪. ಕೊನೆಯ ವಾದ

ಬಾವಿ ತಳ ಕಂಡ ಬೇಸಿಗೆಗಳಲ್ಲೂ ಕುಡಿಯುವ ನೀರಿನಲ್ಲಿ ಪಾಲು ಕೊಟ್ಟು ಬಳ್ಳಿ ಉಳಿಸಿದೆ. ಯುದ್ಧ ಮುಗಿದ ಮೇಲೆ ಅವನು ಬಂದ, ಅರ್ಧ ಆಳಾಗಿ. ನೇರ ಹಿತ್ತಿಲಿಗೆ ಹೋಗಿ ಬಳ್ಳಿಯ ಕಾಂಡ ಹಿಡಿದು ಬಹಳ ಹೊತ್ತು ನಿಂತ. ನಾನು ಮುದ್ದೆ, ಕುರಿ ಸಾರು ಬಡಿಸಿ, ಅವನು ಮಾಡುತ್ತಿದ್ದ ರೀತಿಯಲ್ಲೇ ಇಳಿಸಿದ್ದ ವೈನನ್ನು ಎರಡು ಲೋಟಕ್ಕೆ ಹಾಕಿದೆ.

ಅವನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ದವಡೆ ಅಲ್ಲಾಡಿಸದೆ ನುಂಗಿದ.

ನಾನು ಕಣ್ಣರಳಿಸಿದೆ. ಅವನೆಂದ: "ಸೆರೆಮನೆ ಅನ್ನದಲ್ಲಿ ಕಲ್ಲಿತ್ತು ಅಕ್ಕಾ. ಅಗಿದವರ ಹಲ್ಲು ಹೋಯ್ತು. ನಾನು ನಿನ್ನ ಮಾತು ನೆನೆದು ನುಂಗಿದೆ. ನೀನೇ ಸರಿ, ಒಪ್ಕೊಂಡೆ."

ಹತ್ತು ವರ್ಷದ ವಾದ ಗೆದ್ದಿದ್ದೆ. ಹೇಳುವುದು ಬೇಕಾದಷ್ಟಿತ್ತು. ಆದರೆ ನುಂಗದೆ ಇಟ್ಟುಕೊಂಡ ವೈನ್ ಬಾಯಲ್ಲಿತ್ತು. ನೇರಳೆ ಬಂದಿತ್ತು, ಹುಳಿಯೂ ಬಂದಿತ್ತು. ಮೆಣಸು ಇನ್ನೂ ಬಂದಿರಲಿಲ್ಲ.