ಕಿಟಕಿಯಾಚೆಯ ಸದಸ್ಯ

ನಮ್ಮ ಊರಿನ ಹೆಸರು ಹೇಳುವುದಿಲ್ಲ. ಕೊರಟಗೆರೆಗೂ ಮಧುಗಿರಿಗೂ ಶಿರಾಕ್ಕೂ ಹೋಗುವ ಖಾಸಗಿ ಬಸ್ಸುಗಳು ನಿಂತು, ಕೂಗಿ, ಹೊಗೆ ಬಿಟ್ಟು ಹೊರಡುವ ಊರು ಎಂದಷ್ಟೇ ತಿಳಿದರೆ ಸಾಕು. ಹೆಸರು ಹೇಳಿದರೆ ನೀವು ಬಂದು ವಿಚಾರಿಸುತ್ತೀರಿ. ವಿಚಾರಿಸಿದರೆ ಚಿಕ್ಕ ಮಕ್ಕಳೂ ನಮ್ಮ ಮನೆ ತೋರಿಸುತ್ತಾರೆ. ತೋರಿಸುವಾಗ ನಗುತ್ತಾರೆ. ಅದು ನನಗೆ ಬೇಡ.

ನಾನು ಈ ಊರಿನ ಪಟ್ಟಣ ಪಂಚಾಯಿತಿ ಸದಸ್ಯ. ಹಾಗೆಂದು ಬಹಳ ದಿನ ನಾನೊಬ್ಬನೇ ನಂಬಿದ್ದೆ. ಸರ್ಕಾರದ ಪ್ರಕಾರ ಸದಸ್ಯೆ ನನ್ನ ಹೆಂಡತಿ ಲಲಿತಮ್ಮ. ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಗದೇ ಇದ್ದಿದ್ದರೆ ನಾನೇ ನಿಲ್ಲುತ್ತಿದ್ದೆ. ಅವಳಿಗಾದರೂ ಟಿಕೆಟ್ ಸಿಗಲಿ ಎಂದು ಎರಡೂ ದೊಡ್ಡ ಪಕ್ಷದವರ ಮನೆಗೆ ಹೋದೆ. ಇಬ್ಬರೂ ಕಾಫಿ ಕೊಟ್ಟರು, ಟಿಕೆಟ್ ಕೊಡಲಿಲ್ಲ. ಸಿಟ್ಟಿನಲ್ಲಿ ಅವಳನ್ನು ಪಕ್ಷೇತರಳಾಗಿ ನಿಲ್ಲಿಸಿದೆ. ಹೊಲಿಗೆ ಯಂತ್ರದ ಗುರುತು ಸಿಕ್ಕಿತು. ಅವಳು ಮೊದಲಿಂದಲೂ ಮನೆಯಲ್ಲಿ ರವಿಕೆ ಹೊಲಿಯುವವಳು; ವಾರ್ಡಿನ ಹೆಂಗಸರೆಲ್ಲ ಒಂದಲ್ಲ ಒಂದು ದಿನ ನಮ್ಮ ಜಗಲಿಯ ಮೇಲೆ ಕೂತು ಹೋದವರೇ. ಗೆದ್ದಳು!

ಗೆದ್ದದ್ದು ಯಾರಿಂದ? ನನ್ನ ತಂತ್ರದಿಂದ! ನನ್ನ ಮೋಟಾರ್ ವೈಂಡಿಂಗ್ ಅಂಗಡಿಗೆ ಸುಟ್ಟ ಮೋಟಾರು ತಂದವರಿಗೆಲ್ಲ ನಾನು ಇದನ್ನು ವಿವರಿಸಿದೆ. ಅವರಿಗೆ ಮೋಟಾರು ಬೇಕಾಗಿತ್ತು, ಆದ್ದರಿಂದ ತಲೆಯಾಡಿಸಿದರು. ವಿಸಿಟಿಂಗ್ ಕಾರ್ಡು ಮಾಡಿಸಿದೆ. ಅದರಲ್ಲಿ ನನ್ನ ಫೋಟೋ ದೊಡ್ಡದು, ಅವಳದು ಅಂಚೆ ಚೀಟಿಯಷ್ಟು. ಮೀಟಿಂಗಿಗೆ ಇಬ್ಬರೂ ಹೋಗುತ್ತಿದ್ದೆವು. ನಾನು ಮುಂದಿನ ಕುರ್ಚಿಯಲ್ಲಿ ಕೂತು ಕೆಮ್ಮಿ ಮಾತಾಡುತ್ತಿದ್ದೆ. ಅವಳು ಹಿಂದಿನ ಕುರ್ಚಿಯಲ್ಲಿ ಕೂತು, ನಾನು ಬೆರಳಿಟ್ಟ ಕಡೆ ಸಹಿ ಹಾಕುತ್ತಿದ್ದಳು.

ನಮ್ಮ ವಾರ್ಡಿನದು ಒಂದೇ ದೊಡ್ಡ ಕಷ್ಟ. ಹಿಂದಿನ ಬೀದಿಗೆ ನೀರಿನ ಪೈಪೇ ಇಲ್ಲ. ಟ್ಯಾಂಕರ್ ಬಂದಾಗ ಹೆಂಗಸರು ಕೊಡ, ಡ್ರಮ್ಮು, ಬಕೀಟು ಎಲ್ಲವನ್ನೂ ಸಾಲಿಗಿಟ್ಟು ಕಾಯಬೇಕು. ಅದು ಬಾರದ ದಿನ ದೂರದ ಬೋರ್‌ವೆಲ್ಲಿಗೆ ಹೋಗಬೇಕು. ಚುನಾವಣೆಯಲ್ಲಿ ನಾನು ಆ ಬೀದಿಯಲ್ಲಿ ಎದೆ ತಟ್ಟಿಕೊಂಡು ಹೇಳಿದ್ದೆ: "ಪೈಪ್ ಹಾಕಿಸದೇ ಇದ್ರೆ ಈ ಬೀದಿಗೆ ಕಾಲಿಡಲ್ಲ!" ಗೆದ್ದ ಮೇಲೆ ಆ ಮಾತನ್ನು ಅಕ್ಷರಶಃ ಪಾಲಿಸಿದೆ. ಪೈಪ್ ಹಾಕಿಸಲಿಲ್ಲ, ಕಾಲೂ ಇಡಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರ ಆಯ್ಕೆ ಬಂತು. ಒಂದು ಪಕ್ಷದಿಂದ ನಂಜೇಗೌಡರು, ಇನ್ನೊಂದು ಪಕ್ಷದಿಂದ ಗಿರಿಜಮ್ಮ. ಎರಡು ಕಡೆಯೂ ಸಮಸಮ. ಉಳಿದದ್ದು ಒಂದೇ ಓಟು, ಪಕ್ಷೇತರ ಸದಸ್ಯೆಯದು. ಅಂದರೆ ನನ್ನದು! ಕಾಫಿ ಕೊಟ್ಟು ಕಳಿಸಿದ್ದ ನಂಜೇಗೌಡರು ತಾವೇ ನಮ್ಮ ಅಂಗಡಿಗೆ ಬಂದು ಹಳೇ ಮೋಟಾರಿನ ಮೇಲೆ ಕೂತರು. "ರಂಗಣ್ಣ, ನಿನ್ನ ಬೀದಿಗೆ ಪೈಪು ನನ್ನ ಮೊದಲ್ನೇ ಕೆಲ್ಸ. ನಿಮ್ಮನೆಯೋರ್ಗೆ ಸ್ಥಾಯಿ ಸಮಿತಿ ಅಧ್ಯಕ್ಷಗಿರಿ. ಒಂದು ರೂಮು, ಒಂದು ಫ್ಯಾನು. ನೀನು ಕೂತ್ಕಬಹುದು" ಎಂದರು. ಪೈಪಿನ ಮಾತು ಎಷ್ಟು ಕೇಳಿಸಿತೋ ಗೊತ್ತಿಲ್ಲ. ಫ್ಯಾನಿನ ಮಾತು ಸ್ಪಷ್ಟವಾಗಿ ಕೇಳಿಸಿತು. ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಆಯ್ಕೆಯ ಹಿಂದಿನ ದಿನ ಕಚೇರಿಯ ಗೋಡೆಗೆ ಒಂದು ಸೂಚನೆ ಅಂಟಿಸಿದ್ದರು. ಚುನಾವಣೆ ನಡೆಸುವ ತಹಶೀಲ್ದಾರರ ಆದೇಶ. ಸಭಾಂಗಣಕ್ಕೆ ಸದಸ್ಯರ ಹೊರತು ಯಾರೂ ಬರಕೂಡದು. ಸದಸ್ಯೆಯರ ಗಂಡಂದಿರು ಬರಕೂಡದು. ಮೊಬೈಲ್ ಕೂಡ ಒಳಗೆ ತರಕೂಡದು. ಗಂಡಂದಿರನ್ನೂ ಮೊಬೈಲನ್ನೂ ಒಂದೇ ಹಾಳೆಯಲ್ಲಿ ನಿಷೇಧಿಸಿದ್ದರು! ನಾನು ಒಳಗೆ ಹೋಗಿ ತಹಶೀಲ್ದಾರರಿಗೆ ಕೈಮುಗಿದೆ.

"ಸಾರ್, ನಾನಿಲ್ಲದೇ ಇದ್ರೆ ಅವಳಿಗೆ ಏನೂ ಗೊತ್ತಾಗಲ್ಲ."

"ಗೊತ್ತಾಗದೇ ಇದ್ರೆ ನನ್ನನ್ನ ಕೇಳ್ತಾರೆ. ನೀವು ಹೊರಡಿ."

ಅಂಥ ಮಾತಿಗೆ ಕುಗ್ಗುವ ಜೀವವೇ ನನ್ನದು? ಸಭಾಂಗಣದ ಪಕ್ಕದಲ್ಲಿ ಒಂದು ಕಿಟಕಿ ಇದೆ. ಕಿಟಕಿ ತೆರೆಯುವುದು ಬಸ್ ಸ್ಟ್ಯಾಂಡಿನ ಕಡೆಗೆ. ಅಧ್ಯಕ್ಷರ ಆಯ್ಕೆ ನಡೆಯುವುದು ಕೈ ಎತ್ತುವ ಮೂಲಕ. ಈ ಮೂರನ್ನೂ ಕೂಡಿಸಿ ನಾನೊಂದು ಯೋಜನೆ ಹಾಕಿದೆ. ನಾನು ಕಿಟಕಿಯಾಚೆ ನಿಂತಿರುತ್ತೇನೆ. ನಾನು ಕೈ ಎತ್ತಿದಾಗ ಅವಳೂ ಎತ್ತಬೇಕು.

"ಹೆಸರು ಹೇಳ್ಬುಡಿ ಸಾಕು, ನೆನಪಿರ್ತದೆ. ಕಿಟಕಿ ಯಾಕೆ?" ಎಂದಳು ಲಲಿತಮ್ಮ.

"ರಾಜಕೀಯ ಅಂದ್ರೆ ಹೆಸರು ನೆನಪಿಟ್ಕೊಳೋದಲ್ಲ ಕಣೇ! ಕೊನೇ ಗಳಿಗೇಲಿ ಏನೇನಾಗ್ತದೋ. ನೀನು ನನ್ನ ಕೈ ನೋಡು, ಅಷ್ಟೇ."

ಸಂಜೆ ತಾಲೀಮು ನಡೆಸಿದೆ. ಅಡುಗೆಮನೆಯೇ ಸಭಾಂಗಣ. ನಾನು ಹಿತ್ತಿಲಿಗೆ ಹೋಗಿ ಕಿಟಕಿಯ ಸರಳಿನಾಚೆ ನಿಂತು ಗಂಭೀರವಾಗಿ ಕೈ ಎತ್ತಿದೆ. ಒಳಗಿನಿಂದ ಮುದ್ದೆ ಕೋಲೊಂದು ಮೇಲೆದ್ದಿತು.

"ಕೋಲು ಇಟ್ಟು ಕೈ ಎತ್ತು ಕಣೇ. ಇದು ಪ್ರಜಾಪ್ರಭುತ್ವ!"

"ಕೋಲು ಬಿಟ್ರೆ ಮುದ್ದೆ ಗಂಟಾಗ್ತದೆ. ನಾಳಿಕೆ ಸರಿಯಾಗಿ ಎತ್ತುತೀನಿ ಬುಡಿ" ಎಂದಳು. ನಾನು ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ.

ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಿಟಕಿಯ ಹತ್ತಿರ ನಿಂತೆ. ಒಳಗೆ ಅಡ್ಡಲಾಗಿ ಒಂದು ಕಬ್ಬಿಣದ ಬೀರು ಇತ್ತು. ಅದರ ಮರೆಯಲ್ಲಿ ಲಲಿತಮ್ಮ ಕೂತಿದ್ದಳು. ಮುಖ ಕಾಣುತ್ತಿರಲಿಲ್ಲ, ಹಸಿರು ಬಳೆಯ ತೋಳು ಮಾತ್ರ ಕಾಣುತ್ತಿತ್ತು. ಎದುರು ಸಾಲಿನಲ್ಲಿ ನಂಜೇಗೌಡರು ಕೂತು ನನ್ನನ್ನು ನೋಡಿ ಹುಬ್ಬು ಹಾರಿಸಿದರು. ನಾನೂ ಹಾರಿಸಿದೆ. ಬಸ್ಸುಗಳ ಗಲಾಟೆಯಲ್ಲಿ ಒಳಗಿನ ಮಾತು ಒಂದೂ ಕೇಳುತ್ತಿರಲಿಲ್ಲ. ಪರವಾಗಿಲ್ಲ, ಹೆಸರುಗಳ ಪಟ್ಟಿಯಲ್ಲಿ ನಂಜೇಗೌಡರದೇ ಮೊದಲು ಎಂದು ಕಚೇರಿಯ ಜವಾನ ಹೇಳಿದ್ದ. ತಹಶೀಲ್ದಾರರು ಎದ್ದು ನಿಂತು ಬಾಯಿ ತೆರೆದರೆ ಸಾಕು, ಕೈ ಎತ್ತುವುದು. ಆದರೆ ಅವರು ಎದ್ದು ನಿಂತು ಬಹಳ ಹೊತ್ತು ಏನೋ ನಿಯಮ ಓದಿದರು. ನಾನು ಕೈಯನ್ನು ಅರ್ಧ ಎತ್ತುವುದು, ಇಳಿಸುವುದು ಮಾಡುತ್ತಿದ್ದೆ. ಹತ್ತಿರ ನಿಂತಿದ್ದ ಕಾನ್‌ಸ್ಟೇಬಲ್ ನನ್ನನ್ನೇ ನೋಡುತ್ತಿದ್ದ. ನಾಚಿಕೆಯಾಗಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಆ ಹೊತ್ತಿನಲ್ಲೇ ಒಳಗೆ ಮೊದಲನೇ ಹೆಸರು ಕೂಗಿ ಮುಗಿದುಹೋಯಿತು! ನಂಜೇಗೌಡರ ಕಡೆಯವರ ಕೈಗಳು ಎದ್ದು, ಎಣಿಸಿ, ಇಳಿದವು. ಹಸಿರು ಬಳೆ ಅಲುಗಲಿಲ್ಲ.

ಈಗೇನು ಮಾಡುವುದು ಎಂದು ಯೋಚಿಸುತ್ತಿದ್ದೇನೆ, ಹಿಂದಿನಿಂದ ಒಂದು ಕೂಗು ಬಂತು.

"ಲೇ ರಂಗಾ! ಎಲ್ಲಿದೀಯೋ? ಗೆದ್ರೇನ್ಲಾ?"

ಗೌಡಗೆರೆಯ ನಮ್ಮ ಭಾವ, ಅಂದರೆ ಅಕ್ಕನ ಗಂಡ ಹನುಮಂತಪ್ಪನವರು. ನಮ್ಮ ವಿಜಯೋತ್ಸವ ನೋಡಲೆಂದೇ ಕಡಲೆಕಾಯಿ ಚೀಲ ಹೊತ್ತು ಶಿರಾ ಬಸ್ಸಿನಿಂದ ಇಳಿಯುತ್ತಿದ್ದರು. ಜನರ ನಡುವೆ ನಾನು ಕಾಣದೆ ಅತ್ತಿತ್ತ ಹುಡುಕುತ್ತಿದ್ದರು. ಕೂಗಿದ ಭಾವನಿಗೆ ಬಾಮೈದ ಏನು ಮಾಡುತ್ತಾನೆ? ಬಲಗೈಯನ್ನು ಪೂರ್ತಿ ಮೇಲಕ್ಕೆತ್ತಿ, "ಇಲ್ಲಿದೀನಿ ಭಾವಾ!" ಎಂದೆ.

ತಿರುಗಿ ನೋಡುತ್ತೇನೆ, ಬೀರುವಿನ ಮರೆಯಿಂದ ಹಸಿರು ಬಳೆಗಳ ಕೈ ಮೇಲೆದ್ದಿದೆ! ಸುತ್ತ ಎದ್ದಿರುವುದೆಲ್ಲ ಗಿರಿಜಮ್ಮನ ಕಡೆಯವರ ಕೈಗಳು!

"ಇಳಿಸೇ! ಇಳಿಸೇ!" ಎಂದು ನಾನು ಎರಡೂ ಕೈ ಬೀಸುತ್ತಾ ಕುಣಿದೆ. ಕಾನ್‌ಸ್ಟೇಬಲ್ ನನ್ನ ಸೊಂಟ ಹಿಡಿದು ಎಳೆದ. ಕಡಲೆಕಾಯಿ ಚೀಲದ ಮೇಲೆ ಬಿದ್ದೆ. ಬಿದ್ದಲ್ಲೇ ಪಟಾಕಿಯ ಸದ್ದು ಕೇಳಿತು. ಗಿರಿಜಮ್ಮ ಒಂದೇ ಓಟಿನಿಂದ ಗೆದ್ದಿದ್ದರು.

ಲಲಿತಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. "ನಿಮ್ಮ ಭಾವ ಬಂದವ್ರೆ, ಬಿರ್ರನೆ ನಡೀರಿ, ಅಡುಗೆ ಆಗ್ಬೇಕು" ಎಂದಳು. ಪಾಪ, ಏನು ಅನಾಹುತವಾಯಿತೆಂದು ಇವಳಿಗೆ ಗೊತ್ತೇ ಇಲ್ಲವಲ್ಲ ಎಂದುಕೊಂಡೆ. ದಾರಿಯಲ್ಲಿ ಅವಳು, "ರೀ, ಓಟಿನ ವಿಚಾರ ಒಂದು ಮಾತು..." ಎಂದು ಶುರುಮಾಡಿದಳು. "ಬೇಡ ಕಣೇ, ಮನಸ್ಸಿಗೆ ಹಚ್ಕೋಬೇಡ. ನಿನ್ನ ತಪ್ಪಲ್ಲ" ಎಂದು ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಟ್ಟೆ!

ಸಂಜೆ ನಂಜೇಗೌಡರು ಕಾರಿನಲ್ಲಿ ಬಂದರು. "ನೀನು ಕೈ ಎತ್ತಿದ್ದು ನಾನೇ ಕಣ್ಣಾರೆ ಕಂಡೆ. ಯಾರಿಗೆ ಮಾರ್ಬುಟ್ಟೆಯಯ್ಯಾ ನನ್ನ?" ಎಂದರು. ಭಾವನಿಗೆ ಕೈ ಎತ್ತಿದೆ ಎಂದರೆ ಯಾರು ನಂಬುತ್ತಾರೆ? ನನ್ನ ಬಾಯಿಂದ ತಾನಾಗಿ ಒಂದು ಸುಳ್ಳು ಹೊರಟಿತು.

"ಗೌಡ್ರೇ, ಭುಜ ಹಿಡ್ಕಂಡಿತ್ತು. ನರ ಎಳೆದು ಕೈ ತಾನೇ ಮೇಲಕ್ಕೆ ಹೋಗ್ಬುಡ್ತು!"

ಗೌಡರು ನನ್ನನ್ನೇ ದಿಟ್ಟಿಸಿ ನೋಡಿದರು. "ಅಯ್ಯೋ, ಹಂಗಾ? ಕಾರು ಹತ್ತು" ಎಂದರು. ಮಧುಗಿರಿ ರಸ್ತೆಯ ಒಬ್ಬ ನಾಟಿ ವೈದ್ಯರ ಮುಂದೆ ಕೂರಿಸಿ, ತಾವೂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ವೈದ್ಯರು ಒತ್ತಿದ ಕಡೆಯೆಲ್ಲ ನಾನು "ಅಮ್ಮಾ" ಎಂದೆ. ಮೊದಮೊದಲು ನಟನೆ, ಅವರು ತೋಳನ್ನು ಒಮ್ಮೆ ತಿರುಚಿದ ಮೇಲೆ ನಿಜ. ಮೊಟ್ಟೆಯ ಬಿಳಿ ಲೋಳೆಗೆ ಯಾವುದೋ ಸೊಪ್ಪು ಅರೆದು ಬಳಿದು, ಬಿದಿರಿನ ದಬ್ಬೆ ಇಟ್ಟು, ಹೆಗಲಿನಿಂದ ಮುಂಗೈವರೆಗೆ ಬಿಗಿದು ಕಟ್ಟಿದರು. ಗಟ್ಟಿಮುಟ್ಟಾದ ಕೈಗೆ! ಬಿಚ್ಚಬಾರದು ಎಂದರು. ಬಿಚ್ಚಿದರೆ ಗೌಡರಿಗೆ ಗೊತ್ತಾಗುತ್ತದೆ. ಎಡಗೈಯಲ್ಲಿ ಮುದ್ದೆ ಮುರಿಯಲು ಬರದೆ, ಭಾವ ತುತ್ತು ಮಾಡಿ ತಿನ್ನಿಸಿದರು. ತಿನ್ನಿಸುವಾಗಲೆಲ್ಲ, "ನಾನು ಕೂಗ್ಲೇಬಾರದಿತ್ತು ಕಣ್ಲಾ" ಎಂದು ಕಣ್ಣೊರೆಸಿಕೊಂಡರು.

ಆದರೆ ನಿದ್ದೆ ಕೆಡಿಸಿದ್ದು ಕೈಯಲ್ಲ, ಹಿಂದಿನ ಬೀದಿ. ನನ್ನ ಒಂದು ಕೈಯಿಂದ ಆ ಹೆಂಗಸರ ನೀರು ಹೋಯಿತಲ್ಲ ಎಂದು ಒಳಗೇ ಕುದಿದುಹೋದೆ. ಕೊನೆಗೆ ಮರ್ಯಾದೆ ಬಿಟ್ಟು ಅವರ ಮುಂದೆ ತಪ್ಪೊಪ್ಪಿಕೊಳ್ಳಲು ನಿರ್ಧರಿಸಿದೆ. ಟ್ಯಾಂಕರ್ ಬರುವ ಹೊತ್ತಿಗೆ ಹೋಗಿ ಹೊನ್ನಮ್ಮನ ಜಗಲಿ ಹತ್ತಿ ನಿಂತೆ. ಹೊನ್ನಮ್ಮ ಆ ಬೀದಿಗೆ ಹಿರಿಯಳು, ನೀರಿನ ಸಾಲಿನ ಜಗಳಗಳ ನ್ಯಾಯಾಧೀಶೆ. ಹೊಲಿದ ರವಿಕೆ ಕೊಡಲು ಬಂದಿದ್ದ ಲಲಿತಮ್ಮನೂ ಅಲ್ಲೇ ಇದ್ದಳು.

"ತಾಯಂದಿರೇ, ಈ ಬೀದಿಗೆ ಬರಬೇಕಾಗಿದ್ದ ನೀರನ್ನು ಈ ಪಾಪಿಯ ಈ ಕೈ ತಪ್ಪಿಸಿತು. ಇದರಲ್ಲಿ ನನ್ನ ಹೆಂಡತಿಯ ತಪ್ಪು ಎಳ್ಳಷ್ಟೂ ಇಲ್ಲ. ಅವಳು ನಾನು ಹೇಳಿದಂತೆ ಮಾಡಿದಳು. ಬೈಯುವುದಾದರೆ ನನ್ನನ್ನು ಬೈಯಿರಿ!"

ಯಾರೂ ಬೈಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊನ್ನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅಲ್ಲ ರಂಗಣ್ಣ, ಲಲಿತಮ್ಮ ಗಿರಿಜಮ್ಮನ್ಗೇ ಕೈ ಎತ್ತಾಳೆ ಅಂತ ನಮಗೆ ಮುಂಚೇನೇ ಗೊತ್ತಿತ್ತಲ್ಲಾ! ಹೋದ ಸಲ ನಮ್ಮ ಬೀದಿಗೆ ಅಂತ ಬಂದಿದ್ದ ಪೈಪನ್ನ ನಂಜೇಗೌಡ್ರು ತಮ್ಮ ಲೇಔಟಿಗೆ ಹಾಕಿಸ್ಕಳಲಿಲ್ವಾ? ಅದಕ್ಕೇ ಗಿರಿಜಮ್ಮನ್ನ ಇಲ್ಲೇ ಕೊಡದ ಸಾಲಿನ ತಾವ ಕರೆಸಿ ಕೇಳಿದ್ವು. 'ಈಗಿಂದೀಗ್ಲೇ ಆಗಲ್ಲ, ಬ್ಯಾಸಿಗೆ ಒಳಗೆ ಹಾಕಿಸ್ತೀನಿ' ಅಂದ್ರು. ಈಗ್ಲೇ ಆಗಲ್ಲ ಅಂತ ಹೇಳಿದೋರು ಅವ್ರೊಬ್ರೇ ಕಣಪ್ಪ. ಅದಕ್ಕೆ ನಂಬಿದ್ವು."

ನಾನು ಹೆಂಡತಿಯ ಕಡೆ ತಿರುಗಿದೆ. "ಹಂಗಾದ್ರೆ ನಾನು ಕಿಟಕೀಲಿ ಕೈ ಎತ್ತಿದ್ದು?"

"ಎತ್ತಿದ್ರಾ? ನಾನು ಆ ಕಡೆ ನೋಡ್ಲೇ ಇಲ್ಲ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ" ಎಂದಳು. ಸಿಟ್ಟಿನಿಂದಲ್ಲ. ರವಿಕೆಯ ಅಳತೆ ಹೇಳುವ ದನಿಯಲ್ಲೇ ಹೇಳಿದಳು.

ಜನ ನಗುತ್ತಿದ್ದರು, ಬಿದಿರು ದಬ್ಬೆಯೊಳಗೆ ಕೈ ತುರಿಸುತ್ತಿತ್ತು. ಆದರೆ ನನಗೆ ನಿಜವಾದ ನಾಚಿಕೆಯಾದದ್ದು ಅದಕ್ಕಲ್ಲ. ಹೌದು, ನಾನು ಕೇಳಿರಲಿಲ್ಲ. ನಾಮಪತ್ರ ಹಾಕಿದ ದಿನದಿಂದ ಒಂದು ಸಲವೂ, ನಿನಗೇನು ಅನ್ನಿಸುತ್ತದೆ ಎಂದು ಅವಳನ್ನು ಕೇಳಿರಲಿಲ್ಲ. ಅವಳು ಹೇಳಲು ಬಂದಾಗ ಕ್ಷಮಿಸಿ ಕಳಿಸಿದ್ದೆ. ಜಗಲಿಯಿಂದ ಇಳಿಯುವಾಗ ಯಾರ ಮುಖವನ್ನೂ ನೋಡಲು ಆಗಲಿಲ್ಲ. ಮನೆಗೆ ಹೋಗಿ ಕಟ್ಟು ಬಿಚ್ಚಿ, ಸೀದಾ ನಂಜೇಗೌಡರ ಮನೆಗೆ ಹೋಗಿ ನಿಜ ಹೇಳಿದೆ. ಅವರು ಈ ಸಲ ಕಾಫಿಯನ್ನೂ ಕೊಡಲಿಲ್ಲ.

ಮೊನ್ನೆ ಹಿಂದಿನ ಬೀದಿಯನ್ನು ಅಳೆಯಲು ಹೊಸದಾಗಿ ಬಂದ ಎಂಜಿನಿಯರ್ ಹುಡುಗಿ ಬಂದಿದ್ದಳು. ಲಲಿತಮ್ಮ ಮುಂದೆ ನಡೆಯುತ್ತಾ, ಚರಂಡಿ ಎಲ್ಲಿ ಅಡ್ಡ ಬರುತ್ತದೆ, ಎಲ್ಲಿ ಬಂಡೆ ಇದೆ ಎಂದು ತೋರಿಸುತ್ತಿದ್ದಳು. ನಾನು ಸ್ವಲ್ಪ ದೂರದಲ್ಲಿ ಹಿಂದೆ ಹೋಗುತ್ತಿದ್ದೆ.

"ಮೇಡಂ, ಇವ್ರು ಯಾರು?" ಎಂದು ಹುಡುಗಿ ನನ್ನ ಕಡೆ ನೋಡಿ ಕೇಳಿದಳು.

"ನಮ್ಮನೆಯವ್ರು. ಮೋಟಾರ್ ರಿಪೇರಿ ಮಾಡ್ತಾರೆ."

"ಹೌದಾ? ಸರ್, ಸ್ವಲ್ಪ ಈ ಟೇಪಿನ ತುದಿ ಹಿಡ್ಕೊಂಡು ಅಲ್ಲಿ ನಿಂತ್ಕೋತೀರಾ?"

ಓಡಿಹೋಗಿ ಹಿಡಿದುಕೊಂಡೆ. ಕಂಬಕ್ಕೆ ಒತ್ತಿ, ಉಸಿರು ಬಿಗಿಹಿಡಿದು, ಜವಾಬ್ದಾರಿಯಿಂದ ನಿಂತೆ. ಸಾರ್ವಜನಿಕ ಜೀವನದಲ್ಲಿ ಕೊನೆಗೂ ಒಂದು ಕೆಲಸ ಸರಿಯಾಗಿ ಮಾಡುತ್ತಿದ್ದೇನೆ ಎಂದು ಮನಸ್ಸು ತುಂಬಿ ಬಂತು.

ನಾನು ಹಿಡಿದದ್ದು ಸಡಿಲವಾಗಿತ್ತಂತೆ. ಹೊನ್ನಮ್ಮನ ಕೈಗೆ ಕೊಟ್ಟು ಇನ್ನೊಮ್ಮೆ ಅಳೆದರು.