ಮೊದಲು ಕಾಲು ಹಚ್ಚಿದವರು ಚಹಾ ಮಾಡಬೇಕು

ಮುದುಕ ಕಟ್ಟೆಯ ಮೇಲೆ ಕೂತರೆ ಯಾರೂ ಏನೂ ಕೇಳುವುದಿಲ್ಲ. ಅದೇ ಮುದುಕ ಸೈಕಲ್ ಹತ್ತಿದರೆ ಊರೆಲ್ಲ ಕೇಳುತ್ತದೆ. ಜೊತೆಗೆ ಹೆಂಡತಿಯೂ ಸೈಕಲ್ ಮೇಲಿದ್ದರೆ, ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ನನಗೆ ಮಾತು ಬೇಸರ. ಆದ್ದರಿಂದ ಒಮ್ಮೆ ಬರೆದು ಮುಗಿಸುತ್ತೇನೆ.

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದೆ. ನಿವೃತ್ತಿಯ ನಂತರ ಧಾರವಾಡದಲ್ಲಿದ್ದೇವೆ. ಈ ಬೇಸಿಗೆಯಲ್ಲಿ ವ್ಯಾನಿನ ಹಿಂದೆ ಎರಡು ಗೇರ್ ಸೈಕಲ್ ಕಟ್ಟಿಕೊಂಡು ಹೊರಟೆವು. ಮುಂಡಗೋಡ, ಹಳಿಯಾಳ, ದಾಂಡೇಲಿ, ಜೊಯಿಡಾ. ಡಾಂಬರು ರಸ್ತೆ ಹೆಂಡತಿಯ ಆಸೆ. ಕಾಡಿನ ಮಣ್ಣುದಾರಿ ನನ್ನದು.

ಹೊರಡುವ ದಿನ ಚಹಾ ತಡವಾಯಿತು. "ಚಾ?" ಎಂದೆ.

"ಒಂದಿನ ನೀವ ಮಾಡಿದ್ರ ಕೈ ಸವೀತಾವೇನ್ರಿ?" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಪಂದ್ಯ ಕಟ್ಟೂಣು. ಏರಿನ್ಯಾಗ ಯಾರು ಮೊದಲ ಕಾಲು ನೆಲಕ್ಕ ಹಚ್ಚತಾರೋ, ಅವರು ಇನ್ನ ಮ್ಯಾಲೆ ದಿನಾ ಮುಂಜಾನೆ ಚಾ ಮಾಡಬೇಕು."

"ಆತು," ಎಂದೆ.

ಮದುವೆಯಾದಾಗಿನಿಂದ ಹಾಸಿಗೆಯಲ್ಲಿ ಕೂತೇ ಚಹಾ ಕುಡಿದವನು ನಾನು. ಸೋಲುವ ಹಾಗಿರಲಿಲ್ಲ.

೧. ಅಳಿಯನ ಗಾಡಿ

ಮುಂಡಗೋಡದ ಹತ್ತಿರದ ಹಳ್ಳಿ ಹೆಂಡತಿಯ ತವರು. ಅಲ್ಲಿ ವ್ಯಾನ್ ಬಿಟ್ಟು, ಬೆಳಿಗ್ಗೆ ಸೈಕಲ್ ತೆಗೆದೆವು. ಹೆಂಡತಿಯ ತಮ್ಮ ಅಂಗಳದಲ್ಲಿ ಅಡ್ಡ ನಿಂತ.

"ಮಾಮಾರ, ಮನೀ ಅಳಿಯಾ ಸೈಕಲ್ ಹೊಡದ್ರ ಊರಾಗ ನಾವು ಹೆಂಗ ತಲಿ ಎತ್ತೂದು?"

"ಎತ್ತಬ್ಯಾಡ," ಎಂದೆ.

ಊರು ದಾಟುವಾಗ ಹಿಂದೆ ಹಾರ್ನ್ ಕೇಳಿತು. ನೋಡಿದರೆ ನನ್ನದೇ ವ್ಯಾನ್. ಒಳಗೆ ಆತ. ಎದುರು ಸಿಕ್ಕವರಿಗೆಲ್ಲ ಕಿಟಕಿಯಿಂದ ಕೂಗುತ್ತಿದ್ದ: "ಇದು ಮಾಮಾರ ಗಾಡಿ! ಗಾಡಿ ಐತ್ರಿ ಅವರದು! ಸೈಕಲ್ ಸುಮ್ಮನ ಹೊಡ್ಯಾಕತ್ತಾರ!"

ಮುಂದಿನ ಊರಿನಲ್ಲಿ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಎದ್ದು ನಿಂತು ವ್ಯಾನಿಗೆ ಕೈ ಮುಗಿದರು. ನಂತರ ನನ್ನ ಕಡೆ ತಿರುಗಿ ಗದರಿದರು.

"ಏ, ಬಾಜೂಕ ಸರಿಯಪಾ! ಅಳಿಯಂದ್ರ ಗಾಡಿ ಬರಾಕತ್ತೇತಿ, ಕಾಣಂಗಿಲ್ಲೇನು?"

೨. ಲೆಕ್ಕ

ಹಳಿಯಾಳದಲ್ಲಿ ಚಹಾದಂಗಡಿಯ ಮುಂದೆ ವ್ಯಾನ್ ನಿಲ್ಲಿಸಿದೆವು. ಅಂಗಡಿಯವ ಸೈಕಲ್ಲುಗಳನ್ನು ಸುತ್ತು ಹಾಕಿ ನೋಡಿದ.

"ಗಾಡಿ ಇದ್ದ ಮ್ಯಾಲೆ ಸೈಕಲ್ ಯಾಕ್ರಿ ಕಾಕಾ?"

"ಹೊಡೀಲಿಕ್ಕೆ."

"ಮತ್ತ ಗಾಡಿ ಯಾಕ್ರಿ?"

"ಸೈಕಲ್ ತರಲಿಕ್ಕೆ."

ಆತ ಚಹಾ ಸೋಸಿದ. ಲೋಟ ಕೈಗಿಟ್ಟು ಮೆಲ್ಲಗೆ ಹೇಳಿದ:

"ಎರಡೂ ಮನ್ಯಾಗ ಬಿಟ್ಟು ಬಸ್ಸಿಗೆ ಬಂದಿದ್ರ ಯಾರಿಗೂ ತ್ರಾಸ ಇರತಿರಲಿಲ್ಲ."

೩. ಸಾಗವಾನಿ ಮರ

ದಾಂಡೇಲಿಯ ಹೊರಗೆ, ಕಾಡಂಚಿನ ಮಣ್ಣುದಾರಿ. ನನಗೆ ಗೊತ್ತಿದ್ದ ದಾರಿಯೇ. ಮಿಲ್ಲಿನಲ್ಲಿದ್ದಾಗ ಅದರ ಏರು ಇಷ್ಟು ಕಡಿದಾಗಿರಲಿಲ್ಲ. ಅರ್ಧಕ್ಕೆ ಗೇರ್ ಸಿಕ್ಕಿಕೊಂಡಿತು. ಸೈಕಲ್ ನಿಂತೇಬಿಟ್ಟಿತು. ಕಾಲು ಹಚ್ಚಿದರೆ ಚಹಾ ಹೋಯಿತು. ಪಕ್ಕದಲ್ಲಿ ಸಾಗವಾನಿ ಮರವಿತ್ತು. ಅಪ್ಪಿಕೊಂಡೆ. ಕಾಲು ಪೆಡಲಿನ ಮೇಲೇ ಇತ್ತು.

ಹೆಂಡತಿ ಏರು ಮುಗಿಸಿ ಮೇಲೆ ಸಮತಟ್ಟಿನಲ್ಲಿ ನಿಂತು ಕೂಗಿದಳು, "ಕೈ ಸೋಲತಾವ್ರಿ, ಬಿಡ್ರಿ!"

"ಇಲ್ಲ."

ಅಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಬಂದ. ದೂರದಿಂದಲೇ ಲಾಠಿ ಎತ್ತಿದ. "ಏ ಅಜ್ಜಾ, ಮರಾ ಬಿಡು! ಏನ್ ಮಾಡಾಕತ್ತಿ ಅಲ್ಲೆ?"

"ಚಾ ಉಳಿಸ್ಕೊಳ್ಳಾಕತ್ತೇನಿ."

ಹೆಂಡತಿ ಮೇಲಿನಿಂದಲೇ ಪಂದ್ಯವನ್ನೆಲ್ಲ ವಿವರಿಸಿದಳು. ಆತ ಲಾಠಿ ಕಂಕುಳಲ್ಲಿಟ್ಟುಕೊಂಡು ಗೇರ್ ಬಿಡಿಸಿದ. ಸೀಟು ಹಿಡಿದು ನೂಕಿದ. ಹೋಗುವಾಗ ಹಿಂದಿನಿಂದ ಅವನ ಮಾತು ಕೇಳಿತು.

"ಮರ ಕಡದವರನ್ನ ಭಾಳ ಮಂದೀನ್ನ ಹಿಡದೇನಿ. ಹೇಣ್ತಿಗೆ ಅಂಜಿ ಮರಾ ಹಿಡದಾವನ್ನ ಇವತ್ತ ನೋಡಿದ್ನಿ."

೪. ಜೊಯಿಡಾದ ಏರು

ಕಡೆಯ ಏರು ಜೊಯಿಡಾದ್ದು. ಅಲ್ಲಿಂದ ಮುಂದೆ ರಾಮನಗರ. ಅಲ್ಲಿ ನನ್ನ ಅಣ್ಣನ ಮನೆ. ರಾತ್ರಿ ವಸ್ತಿ ಅಲ್ಲೇ ಎಂದು ಹೇಳಿಟ್ಟಿದ್ದೆ. ಸೈಕಲ್ ಸುದ್ದಿ ಹೇಳಿರಲಿಲ್ಲ.

ನನ್ನ ಹೆಂಡತಿ ಅಣ್ಣನ ಎದುರು ಕೂತವಳಲ್ಲ, ಮಾತಾಡಿದವಳಲ್ಲ. ಅವನು ಬಂದರೆ ಎದ್ದು, ತಲೆ ಮೇಲೆ ಸೆರಗು ಹೊದ್ದು, ಬಾಗಿಲ ಮರೆಗೆ ನಿಲ್ಲುತ್ತಾಳೆ. ಏನಾದರೂ ಹೇಳಬೇಕಿದ್ದರೆ ನನ್ನ ಕೈಯಲ್ಲಿ ಹೇಳಿಸುತ್ತಾಳೆ. ಇದು ಮದುವೆಯಾದಾಗಿನಿಂದ ನಡೆದು ಬಂದ ಪದ್ಧತಿ.

ವ್ಯಾನನ್ನು ಏರಿನ ಬುಡದಲ್ಲಿ ಬಿಟ್ಟು ಹತ್ತತೊಡಗಿದೆವು. ಆಕೆ ಮುಂದೆ, ನಾನು ಬಹಳ ಹಿಂದೆ. ಬಿಸಿಲು ನೆತ್ತಿಯ ಮೇಲಿತ್ತು. ತೊಡೆಗಳು ನನ್ನ ಮಾತು ಕೇಳುತ್ತಿರಲಿಲ್ಲ. ಇನ್ನೊಂದು ತಿರುವು, ಆಮೇಲೆ ಕಾಲು ಹಚ್ಚುವುದೇ ಎಂದುಕೊಂಡೆ.

ಆಗ ಮೇಲಿನಿಂದ ಒಂದು ಜೀಪು ಬಂತು. ಅಣ್ಣನದು. ಹೆಂಡತಿಯ ತಮ್ಮ ಫೋನ್ ಮಾಡಿ ನಮ್ಮ ಮಾನ ಕಳೆದಿದ್ದನಂತೆ. ಅಣ್ಣ ಹುಡುಕಿಕೊಂಡು ಬಂದಿದ್ದ.

ಹೆಂಡತಿ ಜೀಪು ನೋಡಿದಳು. ಮರುಕ್ಷಣ ಸೈಕಲ್ಲಿನಿಂದ ಇಳಿದು ರಸ್ತೆಯ ಅಂಚಿಗೆ ಸರಿದು ನಿಂತಳು. ಕೈ ಸೆರಗಿಗೆ ಹೋಯಿತು. ಟ್ರ್ಯಾಕ್ ಪ್ಯಾಂಟಿಗೆ ಎಲ್ಲಿಯ ಸೆರಗು? ಹೆಲ್ಮೆಟ್ಟನ್ನೇ ಹುಬ್ಬಿನ ತನಕ ಎಳೆದುಕೊಂಡಳು.

"ಇಳದ್ಲು! ಕಾಲು ಹಚ್ಚಿದ್ಲು!" ಎಂದು ಕೂಗಿದೆ. ಇಡೀ ಪ್ರವಾಸದಲ್ಲಿ ನನ್ನ ದೊಡ್ಡ ಮಾತು ಅದೇ. ಆ ಖುಷಿಯಲ್ಲಿ ಹೇಗೋ ಮೇಲಕ್ಕೆ ಬಂದು, ಜೀಪು ಇಳಿದು ನಿಂತಿದ್ದ ಅಣ್ಣನ ಮುಂದೆ, ಜೀಪಿಗೆ ಕೈಯೂರಿ ಸೈಕಲ್ ನಿಲ್ಲಿಸಿದೆ. ಇಳಿಯಲಿಲ್ಲ. ಸೀಟಿನ ಮೇಲೆ ಕೂತೇ ಪಂದ್ಯದ ಕಥೆ ಹೇಳಿದೆ.

ಅಣ್ಣ ನನ್ನನ್ನು ನೋಡಿದ. ಹೆಲ್ಮೆಟ್ಟನ್ನು ನೋಡಿದ.

"ಹಿರೇರಿಗೆ ಮರ್ಯಾದಿ ಕೊಟ್ಟು ಇಳದಾಕಿ ಸೋತಾಂಗ ಆಗೂದಿಲ್ಲ. ಅಣ್ಣ ನಿಂತಾಗ ಸೈಕಲ್ ಮ್ಯಾಲ ಕುಂತಾವ ಗೆದ್ದಾಂಗೂ ಆಗೂದಿಲ್ಲ. ಚಾ ನೀ ಮಾಡು. ನಾಳಿಂದನ ಮಾಡು."

ನಮ್ಮ ಮನೆಯಲ್ಲಿ ಅಣ್ಣನ ಮಾತು ಮೀರಿದವರಿಲ್ಲ. ಹೆಲ್ಮೆಟ್ ಒಳಗೆ ಆಕೆ ನಕ್ಕದ್ದು ಭುಜ ಕುಣಿದಿದ್ದರಿಂದ ಗೊತ್ತಾಯಿತು.

ಮರುದಿನ ಬೆಳಿಗ್ಗೆ ರಾಮನಗರದಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಒಲೆ ಬಿಟ್ಟುಕೊಟ್ಟು ದೂರ ನಿಂತರು. ಫಿಟ್ಟರ್ ಕೆಲಸದ ಲೆಕ್ಕದಲ್ಲಿ ಮಾಡಿದೆ. ಕುದಿಯಬೇಕು, ಬಿಗಿಯಾಗಿರಬೇಕು. ಅಣ್ಣನ ಕೈಗೆ ಕಪ್ಪು ಕೊಟ್ಟೆ.

ಅಣ್ಣ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಬಹಳ ಹೊತ್ತಿಗೆ ತೆರೆದು, ಬಾಗಿಲ ಮರೆಗೆ ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿದ.

"ಯವ್ವಾ, ನಾಳಿಂದ ನೀನ ಮಾಡವಾ."

ಆಕೆ ಸೆರಗು ಸರಿಮಾಡಿಕೊಂಡಳು. ಅಣ್ಣನ ಎದುರು ಜೀವಮಾನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

"ಹಿರೇರು ಒಮ್ಮೆ ಹೇಳಿದ್ದು ಮೀರಬಾರದ್ರಿ."

ಅಣ್ಣ ಕಪ್ಪು ಖಾಲಿ ಮಾಡಿದ. ಬೇರೆ ದಾರಿ ಇರಲಿಲ್ಲ.

ಅಂದಿನಿಂದ ದಿನವೂ ಚಹಾ ನಾನೇ ಮಾಡುತ್ತೇನೆ. ಆಕೆ ಹಾಸಿಗೆಯಲ್ಲಿ ಕೂತು ಕುಡಿಯುತ್ತಾಳೆ. ಅಣ್ಣ ಮಾತ್ರ ಧಾರವಾಡಕ್ಕೆ ಬಂದರೆ, ಬಸ್ ಸ್ಟ್ಯಾಂಡಿನಲ್ಲೇ ಚಹಾ ಕುಡಿದು ಮನೆಗೆ ಬರುತ್ತಾನೆ.