ಮುಟ್ಟದೇ ವಾಸಿಮಾಡುವ ಹರಿಹರದ ಡಾಕ್ಟರು

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕೆ.ಬಿ. ಬಡಾವಣೆಯಲ್ಲೇ ಇಲ್ಲವೆಂದು ನಂಬಿದ್ದೆ. ಆ ನಂಬಿಕೆಯ ಆಯಸ್ಸು ದಾವಣಗೆರೆಯಿಂದ ಹರಿಹರಕ್ಕೆ ಬಸ್ಸು ತಲುಪುವಷ್ಟು!

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಓಟಗಾರರ ತಂಡ ಬೇಕಿತ್ತು. ಪಿಯುಸಿ ಓದುತ್ತಿದ್ದ ನನ್ನ ಮಗಳು ಸವಿತಾ ನೂರು ಮೀಟರ್ ಓಡಿದರೆ ನಮ್ಮ ಬೀದಿಯ ನಾಯಿಗಳು ಅರ್ಧಕ್ಕೇ ನಿಂತು ಏದುಸಿರು ಬಿಡುತ್ತಿದ್ದವು. ಆದರೆ ಪಂದ್ಯದ ದಿನ ಮಾತ್ರ ಸೀಟಿ ಊದುವ ಮೊದಲೇ ಹಾರಿಬಿಡುತ್ತಿದ್ದಳು. ಒಮ್ಮೆ ಹಾರಿದರೆ ಎಚ್ಚರಿಕೆ. ಮತ್ತೆ ಹಾರಿದರೆ ಮನೆ! ಮುಂದಿನ ತಿಂಗಳ ಆಯ್ಕೆಯಲ್ಲೂ ಹೀಗೇ ಆದರೆ ಓಟವನ್ನೇ ಬಿಡುತ್ತೇನೆಂದು ಶೂಗಳನ್ನು ಮೂಲೆಗೆ ಎಸೆದಿದ್ದಳು.

"ಕಾಲು ಚೊಲೋ ಅದಾವ್ರಿ, ಮನಸ್ಸಿಗೆ ತಾಲೀಮು ಬೇಕು" ಎಂದರು ಅವಳ ಕೋಚ್. "ಹರಿಹರದಾಗೆ ಒಬ್ರು ಮೇಡಂ ಅದಾರೆ. ಆಟಗಾರರ ಮನಸ್ಸು ಗಟ್ಟಿ ಮಾಡ್ತಾರೆ. ಕರ್ಕಂಡು ಹೋಗ್ರಿ."

ಮನಸ್ಸಿನ ಡಾಕ್ಟರು! ನಾಳೆ ಹೆಣ್ಣು ನೋಡಲು ಬಂದವರು ಏನೆಂದುಕೊಂಡಾರು?

"ಅದ್ರಾಗೆ ಮುಚ್ಚಿಡೋದು ಏನೈತೆ?" ಎಂದರು ನಮ್ಮ ಮನೆಯವರು, ಪೇಪರಿನಿಂದ ತಲೆ ಎತ್ತದೆ. ಗಂಡಸರಿಗೆ ಏನು ಗೊತ್ತಾಗುತ್ತದೆ! ನಾನು ಕುಟುಂಬದ ಹಿತದೃಷ್ಟಿಯಿಂದ ಸೂಕ್ತ ಕ್ರಮ ಕೈಗೊಂಡೆ. ಸವಿತಾಳಿಗೆ ಹಲ್ಲುನೋವು, ಹರಿಹರದ ಡಾಕ್ಟರಿಗೆ ತೋರಿಸುತ್ತೇವೆ ಎಂದು ಬೀದಿಗೆಲ್ಲ ಪ್ರಕಟಿಸಿದೆ.

ಪಕ್ಕದ ಮನೆಯ ಪಾರ್ವತಕ್ಕ ಲವಂಗ ಹಿಡಿದು ಬಂದೇಬಿಟ್ಟರು. ಅಂದಿನಿಂದ ಸವಿತಾ ಕೆನ್ನೆಗೆ ಟವೆಲ್ ಕಟ್ಟಿಕೊಂಡೇ ಓಟದ ಅಭ್ಯಾಸಕ್ಕೆ ಹೋಗಬೇಕಾಯಿತು. ಮನೆಗೆ ಬೆಣ್ಣೆದೋಸೆ ಬಂದ ದಿನವೂ ಪಾರ್ವತಕ್ಕ ಎದುರಿಗೇ ಕೂತಿದ್ದರಿಂದ ಅವಳಿಗೆ ಗಂಜಿಯೇ ಗತಿ. ಅವಳ ಪಾಲಿನ ದೋಸೆಯನ್ನೂ ನಾನೇ ತಿಂದೆ. ತಾಯಿಯ ತ್ಯಾಗ!

"ಅಲ್ರೀ, ದಾವಣಗೆರೆಯಾಗೆ ಹಲ್ಲಿನ ಕಾಲೇಜೇ ಐತೆ. ಹರಿಹರದೋರೇ ಹಲ್ಲು ಕೀಳಿಸ್ಕಳಾಕೆ ಇಲ್ಲಿಗೆ ಬರ್ತಾರೆ. ನೀವ್ಯಾಕ ಅಲ್ಲಿಗೆ ಹೊಂಟೀರಿ?" ಎಂದು ಪಾರ್ವತಕ್ಕ ಕೇಳಿದರು.

ಇದನ್ನು ನಾನು ಯೋಚಿಸಿರಲಿಲ್ಲ! "ಅವ್ರು ಭಾಳ ವಿಶೇಷ ರೀ. ಬಾಯಿಗೆ ಕೈ ಹಾಕಲ್ಲ. ಮುಟ್ಟದೇ ವಾಸಿಮಾಡ್ತಾರೆ" ಎಂದೆ.

"ಹಂಗಾರೆ ನಾನೂ ಬರ್ತೀನಿ. ನಂದೊಂದು ದವಡೆ ಹಲ್ಲು ಅಲ್ಲಾಡಾಕತ್ತೈತೆ."

"ಬ್ಯಾಡ್ರಿ ಪಾರ್ವತಕ್ಕ, ದೂರ!"

"ಹರಿಹರ ದೂರಾನಾ? ಕಾಶಿಗೆ ಹೊಂಟೀರೇನು?"

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವರದೇ ಆಯಿತು. ಹರಿಹರದಲ್ಲಿ ಮೇಡಂ ಮನೆಯ ಬಾಗಿಲು ತೆರೆದದ್ದೇ ತಡ, ಪಾರ್ವತಕ್ಕ ನಮಗಿಂತ ಮುಂಚೆ ಒಳನುಗ್ಗಿ, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, "ಆ..." ಎಂದು ಬಾಯಿ ತೆರೆದರು.

ಮೇಡಂ ಬಹಳ ಹೊತ್ತು ಆ ಬಾಯನ್ನು ಗೌರವದಿಂದ ನೋಡಿದರು. ಆಮೇಲೆ, "ಅಮ್ಮಾ, ನಾನು ಹಲ್ಲು ನೋಡೋದಿಲ್ಲ. ಆಟಗಾರರ ಮನಸ್ಸಿಗೆ ತರಬೇತಿ ಕೊಡ್ತೀನಿ" ಎಂದರು.

ತೆರೆದ ಬಾಯಿ ಹಾಗೇ ನನ್ನ ಕಡೆ ತಿರುಗಿತು. ಸವಿತಾ ನೆಮ್ಮದಿಯಿಂದ ಕೆನ್ನೆಯ ಟವೆಲ್ ಬಿಚ್ಚಿದಳು. ನಾನು ಇದ್ದದ್ದನ್ನೆಲ್ಲ ಒಪ್ಪಿಸಿದೆ. ಇನ್ನು ಸಂಜೆಯೊಳಗೆ ಬೀದಿಗೆಲ್ಲ ಡಂಗುರ!

ಪಾರ್ವತಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕರು. "ಇಷ್ಟಕ್ಕೆ ಆ ಕೂಸಿಗೆ ಗಂಜಿ ಕುಡಿಸಿದ್ರಾ? ಕಾಲಿಗೆ ಎಣ್ಣೆ ತಿಕ್ಕಿಸ್ಕಂಡ್ರೆ ಕುಂಟಿ ಅಂತಾರೇನ್ರಿ? ಮನಸ್ಸಿಗೆ ತಾಲೀಮು ಕೊಡಿಸಿದ್ರೆ ಹುಚ್ಚಿ ಯಾಕಾಗ್ತಾಳೆ? ನೀವು ಶುರು ಮಾಡ್ರಿ ಮೇಡಂ."

ಮೇಡಂ ಸವಿತಾಳಿಗೆ ಕಣ್ಣು ಮುಚ್ಚಲು ಹೇಳಿದರು. "ಗೆರೆ ಹತ್ರ ಬಗ್ಗಿ ಕೂತಿದ್ದೀಯ. ಏನು ಕೇಳಿಸ್ತಿದೆ?"

"ಅಮ್ಮ."

"ಏನಂತಾರೆ?"

"'ಓಡೇ ಸವಿತಾ!' ಅಂತ ಕೂಗ್ತಾರೆ. ಸೀಟಿಗಿಂತ ಮೊದ್ಲೇ. ಪ್ರತಿ ಸಲ."

ಮೇಡಂ ನನ್ನತ್ತ ನೋಡಿದರು. ಪಾರ್ವತಕ್ಕ ನೋಡಿದರು. ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವರೂ ನೋಡಿದ ಹಾಗಾಯಿತು!

ಉಸಿರನ್ನು ನಿಧಾನ ಮಾಡಿ ಸೀಟಿಯೊಂದಕ್ಕೇ ಕಿವಿಗೊಡುವುದು ಸವಿತಾಳ ಪಾಠ. ಬಾಯಿ ಮುಚ್ಚಿಕೊಂಡಿರುವುದು ನನ್ನ ಪಾಠ. ಒಂದು ವಾರ ಮನೆಯಲ್ಲಿ ನಾವಿಬ್ಬರೂ ಅಭ್ಯಾಸ ಮಾಡಿದೆವು. ಅವಳದು ಬೇಗ ಬಂತು.

ಆಯ್ಕೆಯ ದಿನ ಮೈದಾನದ ಅಂಚಿನಲ್ಲಿ ಪಾರ್ವತಕ್ಕ ಮಂಡಕ್ಕಿ ಮಿರ್ಚಿ ಪೊಟ್ಟಣ ಹಿಡಿದು ನನಗೆ ಅಂಟಿಕೊಂಡೇ ನಿಂತಿದ್ದರು. ಹುಡುಗಿಯರು ಬಗ್ಗಿದರು. ನನ್ನ ಎದೆಯೊಳಗಿಂದ "ಓ..." ಎದ್ದು ಗಂಟಲು ದಾಟಿತು. ಪಾರ್ವತಕ್ಕ ಬಿಸಿಬಿಸಿ ಮಿರ್ಚಿಯೊಂದನ್ನು ಇಡಿಯಾಗಿ ನನ್ನ ಬಾಯಿಗೆ ತುರುಕಿದರು! ನಾಲಿಗೆಗೆ ಬೆಂಕಿ ಬಿತ್ತು. ಸೀಟಿ ಮೊಳಗಿತು. ಸವಿತಾ ಆಮೇಲೆ ಹೊರಟಳು, ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದಳು!

ಹೊಸ ಜಿಲ್ಲೆಯ ತಂಡಕ್ಕೆ ಅವಳ ಹೆಸರು ಕೂಗಿದಾಗ ನನ್ನ ಕಣ್ಣಲ್ಲಿ ಧಾರಾಕಾರ ನೀರು. "ತಾಯಿ ಕರುಳು ನೋಡ್ರಿ, ಹೆಂಗೆ ಅಳ್ತಾರೆ!" ಎಂದು ಯಾರೋ ಮೆಚ್ಚಿಕೊಂಡರು. ನಾನು ನೀರು ಕೊಡಿ ಎಂದು ಕೈಸನ್ನೆ ಮಾಡುತ್ತಿದ್ದೆ.

ಈಗ ನಮ್ಮ ಬೀದಿಯಲ್ಲಿ ಯಾವ ಗುಟ್ಟೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕಿ "ಹರಿಹರಕ್ಕಾ? ಮಗಳ ಮನಸ್ಸಿನ ತರಬೇತಿಗಾ?" ಎಂದು ಕೇಳಿದರೆ, ಪಾರ್ವತಕ್ಕ ಇಡೀ ಪ್ಲಾಟ್‌ಫಾರಂಗೆ ಕೇಳುವಂತೆ ಉತ್ತರ ಕೊಡುತ್ತಾರೆ.

"ಮಗಳದು ಯಾವಾಗ್ಲೋ ಮುಗೀತ್ರಿ. ಈಗ ಇವ್ರದು ನಡದೈತೆ!"